ಹನ್ನೆರಡನೆಯ ಸಾಕ್ಷಿ

ಶಾವೆನ್, ಸೆಪ್ಟೆಂಬರ್ 12

ಮಗಳು ಬತೂಲಳಿಗೆ,

ಬಸ್ಸಿನ ಸೆಲ್ಲಾಂ ಕೈಯಲ್ಲಿ ಅಂಜೂರದ ಬುಟ್ಟಿ ಕಳಿಸಿದ್ದೇನೆ. ಮೇಲಿನವು ಇವತ್ತೇ ತಿನ್ನುವಂಥವು, ಕೆಳಗಿನವು ನಾಳೆಗೆ ತಡೆಯುತ್ತವೆ. ದಾರಿಯಲ್ಲಿ ಸೆಲ್ಲಾಂ ತಿಂದದ್ದನ್ನು ಕೇಳಬೇಡ, ಅದು ಅವನ ಟಪಾಲಿನ ಕೂಲಿ. ಫೋನಿನಲ್ಲೇ ಹೇಳಬಹುದಲ್ಲ ಅಪ್ಪ ಎಂದು ನೀನು ಅನ್ನುತ್ತೀ. ಫೋನಿನಲ್ಲಿ ಆಡಿದ್ದು ಗಾಳಿಯಲ್ಲಿ ಹೋಯಿತು. ಜನರ ಮಾತನ್ನು ದಸ್ತಾವೇಜು ಮಾಡಿ ಬರೆದೇ ಬದುಕಿದ ಅದೂಲ್ ನಾನು. ಬರೆದರೇ ನನಗೆ ಹೇಳಿದಂತಾಗುವುದು.

ಬುಟ್ಟಿಯ ತಳದಲ್ಲಿ ಒಂದು ಇಂಗ್ಲಿಷ್ ಪತ್ರವಿದೆ. ಲಂಡನ್ನಿನ ಒಬ್ಬ ವಕೀಲೆ ಬರೆದದ್ದು. ನನಗೆ ಬಂದದ್ದಲ್ಲ, ಮೇಲಿನ ಐನ್ ರುಮ್ಮಾನ್ ಹಳ್ಳಿಯ ಯಾಮ್ನಾಗೆ ಬಂದದ್ದು. ನೀನು ಚಿಕ್ಕವಳಿದ್ದಾಗ ಸಂತೆಯ ದಿನ ಆಡಿನ ಹಾಲಿನ ಗಿಣ್ಣು ಮಾರಲು ಬರುತ್ತಿದ್ದಳಲ್ಲ, ಅವಳೇ. ಅವಳ ಗಂಡ ಅಯ್ಯಾದ್ ಮದುವೆಯಾದ ಮರುವರ್ಷವೇ ಲಂಡನ್ನಿಗೆ ಹೋಗಿ ಒಂದು ಹೋಟೆಲಿನ ಅಡುಗೆಮನೆ ಸೇರಿದ. ಬೇಸಿಗೆ ಬಂತೆಂದರೆ ಊರಿಗೆ ಬರುತ್ತಿದ್ದ. ಇವಳು ಅತ್ತೆಯನ್ನು ನೋಡಿಕೊಂಡು ಇಲ್ಲೇ ಉಳಿದಳು. ಕಳೆದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡಳು. ಅಯ್ಯಾದನಿಗೆ ಈಗ ಕಣ್ಣು ಮಂಜಾಗಿದೆ, ಅಲ್ಲಿನ ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬರುವಂತಿಲ್ಲ. "ಇಷ್ಟು ವರ್ಷ ಅವ್ನು ನನ್ನ ನೋಡೋಕೆ ಬಂದ, ಸಿ ತುಹಾಮಿ," ಎಂದು ಯಾಮ್ನಾ ನನಗೆ ಅಂದಳು. "ಈಗ ಅವ್ನಿಗೆ ಕಾಣ್ಸಲ್ಲ. ನಾನೇ ಹೋಗ್ತೀನಿ."

ಹೋಗಲು ಅವಳು ಹೆಂಡತಿಯೆಂದು ತೋರಿಸಬೇಕು. ಕಾಗದವಿಲ್ಲ. ಆ ಕಾಲದಲ್ಲಿ ಗುಡ್ಡದ ಮೇಲೆ ಮದುವೆಯೆಂದರೆ ಹಿರಿಯರು ಕೂತು ಕುರಾನಿನ ಫಾತಿಹಾ ಓದುವುದು, ಹೆಂಗಸರು ಸಂಭ್ರಮದ ಕೂಗು ಹಾಕುವುದು, ಊಟ. ಬರೆಸಲು ಪೇಟೆಗೆ ಯಾರು ಇಳಿಯುತ್ತಿದ್ದರು? ಮಕ್ಕಳಾದವರು ಮಕ್ಕಳ ಹೆಸರು ಬರೆಸುವಾಗ ಮದುವೆಯನ್ನೂ ಬರೆಸಿಕೊಂಡರು. ಇವಳಿಗೆ ಮಕ್ಕಳಾಗಲಿಲ್ಲ. ಅದನ್ನು ಅವಳೇ ಹೇಳಿದಳು, ಅಳದೆ: "ಒಂದು ಮಗು ಆಗಿದ್ರೆ ಅದೇ ನನ್ನ ಕಾಗ್ದ ಆಗಿರೋದು."

ಪತ್ರವನ್ನು ತುರಿಯಾ ಓದಿದಳು. ತುರಿಯಾ ಅಂದರೆ ನನ್ನ ಹೊಸ ಜೊತೆ. ಅದೂಲರು ಇಬ್ಬರು ಕೂತು ಸಹಿ ಹಾಕದೆ ಯಾವ ದಸ್ತಾವೇಜೂ ನಿಲ್ಲುವುದಿಲ್ಲವಷ್ಟೆ. ನನ್ನ ಹಳೆಯ ಜೊತೆಗಾರ ನಿವೃತ್ತನಾದ ಮೇಲೆ ಆ ಕುರ್ಚಿಗೆ ಇವಳು ಬಂದಿದ್ದಾಳೆ. ಕೆಲಸ ಮಾಡುತ್ತಾಳೆ.

ಅವಳಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತದೆ. ಓದುತ್ತಾ ಓದುತ್ತಾ ಬೆರಳು ಮಡಿಸಿದಳು. ಆ ವಕೀಲೆ ಒಂದೇ ಪುಟದಲ್ಲಿ ಸರ್ಟಿಫೈ ಮಾಡಿಸಿ ಅಂದಿದ್ದಾಳಂತೆ, ಅಟೆಸ್ಟ್ ಮಾಡಿಸಿ ಅಂದಿದ್ದಾಳಂತೆ, ವೆರಿಫೈ ಅಂತೆ, ಆಥೆಂಟಿಕೇಟ್ ಅಂತೆ, ಕೊನೆಗೆ ಕನ್‌ಫರ್ಮ್ ಬೇರೆ. "ಎಲ್ಲಕ್ಕೂ ಅರ್ಥ ಒಂದೇ ಅನ್ಸುತ್ತೆ, ನಿಜ ಅಂತ ಹೇಳೋದು," ಅಂದಳು. ನಿಜ ಅನ್ನಲು ಐದು ಮಾತು ಇಟ್ಟುಕೊಂಡ ಜನ ಒಬ್ಬರನ್ನೊಬ್ಬರು ಎಷ್ಟು ನಂಬುತ್ತಾರೆಂದು ನೀನೇ ಲೆಕ್ಕ ಹಾಕು. ಯಾರು ಯಾವುದನ್ನು ಮಾಡಬೇಕು, ಬಿಡಿಸಿ ಬರೆ. ಯಾಮ್ನಾ ಪ್ರತಿ ಸಂತೆಗೂ ಬಂದು ಬಾಗಿಲಲ್ಲಿ ಕೂರುತ್ತಾಳೆ.

ನಿನ್ನ ಅಪ್ಪ,
ತುಹಾಮಿ


ತಾಂಜಾ, ಸೆಪ್ಟೆಂಬರ್ 20

ಅಪ್ಪಾ,

ಅಂಜೂರ ಬಂತು. ಸೆಲ್ಲಾಂ ಕೂಲಿಯ ಜೊತೆ ಮುಂಗಡವನ್ನೂ ತೆಗೆದುಕೊಂಡಿದ್ದಾನೆ.

ಇಂಗ್ಲಿಷರನ್ನು ಆಡಿಕೊಳ್ಳುವ ಮುಂಚೆ ನಮ್ಮನ್ನು ನೋಡಿಕೊಳ್ಳೋಣ. ಅವರಿಗೆ ಐದು ಕ್ರಿಯಾಪದ ಬೇಕು, ಕಾಗದವಿಲ್ಲದ ಒಂದು ಮದುವೆ ಬರೆಯಲು ನಿಮಗೆ ಹನ್ನೆರಡು ಗಂಡಸರ ಸಾಕ್ಷಿ ಬೇಕು. ಯಾರು ಯಾರನ್ನು ಹೆಚ್ಚು ನಂಬುತ್ತಾರೋ ಆ ದೇವರೇ ಹೇಳಬೇಕು.

ಆ ಮಾತುಗಳು ಒಂದೇ ಅಲ್ಲ. ನನಗೂ ಮೊದಲು ಹಾಗೇ ಅನಿಸುತ್ತಿತ್ತು. ಈ ಅನುವಾದದ ಕೆಲಸಕ್ಕೆ ಪ್ರಮಾಣವಚನ ತೆಗೆದುಕೊಂಡ ಮೇಲೆ, ಒಂದೊಂದರ ಹಿಂದೆಯೂ ಬೇರೆ ಬೇರೆ ಮನುಷ್ಯ ಕೂತಿದ್ದಾನೆ ಎಂದು ತಿಳಿಯಿತು. ಕನ್‌ಫರ್ಮ್ ಮಾಡಬೇಕಾದವರು ಅಯ್ಯಾದ್ ಚಿಕ್ಕಪ್ಪ: ಹೌದು, ಇವಳು ನನ್ನ ಹೆಂಡತಿ ಅಂತ ಮತ್ತೊಮ್ಮೆ ಬಾಯಿಬಿಟ್ಟು ಹೇಳುವುದು. ಅವರು ಹಾಗಂದದ್ದು ಹೌದೋ ಅಲ್ಲವೋ ಎಂದು ಕೆದಕಿ ನೋಡುವುದು ವೆರಿಫೈ, ಅದು ಅಲ್ಲಿನ ಕಚೇರಿಯವರ ಸಂತೋಷ, ಅವರಿಗೇ ಬಿಡಿ. ನಿಮ್ಮ ನ್ಯಾಯಾಧೀಶರ ಮುದ್ರೆ ಆಲೂಗಡ್ಡೆ ಕೊರೆದು ಮಾಡಿದ್ದಲ್ಲ ಎಂದು ಮೇಲಿನವರು ಇನ್ನೊಂದು ಮುದ್ರೆ ಒತ್ತುತ್ತಾರಲ್ಲ, ಅದು ಆಥೆಂಟಿಕೇಟ್. ಅಟೆಸ್ಟ್ ನಿಮ್ಮದು, ತುರಿಯಾಳದು: ಈ ಜನ ನಮ್ಮೆದುರೇ ನಿಂತು ಈ ಮಾತು ಆಡಿದರು ಎಂದು ಸಹಿ ಮಾಡುವುದು. ಸರ್ಟಿಫೈ ನನ್ನ ಪಾಲಿಗೆ. ಅರಬ್ಬಿಯಲ್ಲಿ ಇದ್ದದ್ದೇ ಇಂಗ್ಲಿಷಿನಲ್ಲೂ ಇದೆ, ತಪ್ಪಿದ್ದರೆ ನನ್ನನ್ನು ಹಿಡಿಯಿರಿ ಎಂದು ಕೆಳಗೆ ಹೆಸರು ಹಾಕುವುದು. ಮೊದಲ ಸಲ ಹಾಕುವ ಮುಂಚೆ ಇಡೀ ಪುಟವನ್ನು ನಾಲ್ಕು ಸಲ ಓದಿದ್ದೆ. ಈಗಲೂ ಎರಡು ಸಲ ಓದುತ್ತೇನೆ, ಯಾರಿಗೂ ಹೇಳಿಲ್ಲ.

ಆದರೆ ಈ ಐದೂ ಇನ್ನೊಂದರ ಮೇಲೆ ನಿಂತಿವೆ. ವಕೀಲೆ ಅದನ್ನು ಕೊನೆಯ ಸಾಲಿನಲ್ಲಿ ಬರೆದಿದ್ದಾಳೆ, ತುರಿಯಾ ಗಮನಿಸಿಲ್ಲ. ಟೆಸ್ಟಿಫೈ. ಅಲ್ಲಿದ್ದವನು, ಕಂಡವನು, ಕಂಡದ್ದನ್ನು ಹೇಳುವುದು. ಅಷ್ಟೇ. ಅದಕ್ಕೆ ಮುದ್ರೆ ಬೇಡ, ಕುರ್ಚಿ ಬೇಡ. ಅದು ಇಲ್ಲದಿದ್ದರೆ ನಾವೆಲ್ಲ ಸೇರಿ ಬರೀ ಗಾಳಿಗೆ ಸಹಿ ಹಾಕುತ್ತೇವೆ. ಆದ್ದರಿಂದ ಮೊದಲು ನಿಮ್ಮ ಹನ್ನೆರಡು ಜನರನ್ನು ಹಿಡಿಯಿರಿ. ಲಂಡನ್ನಿನವರು ಒಬ್ಬೊಬ್ಬರಿಗೂ ಫೋನು ಮಾಡಿ ಕೇಳಿದರೂ ಕೇಳಿಯಾರು.

ತುರಿಯಾ ಬಗ್ಗೆ "ಕೆಲಸ ಮಾಡುತ್ತಾಳೆ" ಎಂದು ಬರೆದು ನಿಲ್ಲಿಸಿದ್ದೀರಿ. ಹೆಣ್ಣುಮಕ್ಕಳಿಗೂ ಅದೂಲ್ ಪರೀಕ್ಷೆ ತೆರೆದ ವರ್ಷ ನಾನು ಬರೆಯುತ್ತೇನೆಂದೆ, ನೀವು ಬೇಡವೆಂದಿರಿ; ಆ ಕುರ್ಚಿಯ ವಿಷಯ ನಾವಿಬ್ಬರೂ ಅವತ್ತೇ ಮಾತಾಡಿ ಮುಗಿಸಿದ್ದೇವೆ. ನಾನೂ ಇಲ್ಲಿಗೇ ನಿಲ್ಲಿಸುತ್ತೇನೆ.

ನಿಮ್ಮ
ಬತೂಲ್


ಶಾವೆನ್, ಅಕ್ಟೋಬರ್ 15

ಮಗಳೇ,

ಸಾಕ್ಷಿಗಳು ಬಂದಿದ್ದರು. ಸಂತೆಯ ಲಾರಿಯಲ್ಲಿ ಆಡುಗಳ ಜೊತೆ ಇಳಿದರು, ಯಾರು ಯಾವುದು ಎಂದು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಎಲ್ಲರೂ ನನ್ನ ವಯಸ್ಸಿನವರು, ಇಬ್ಬರಿಗೆ ಕಿವಿ ಕೇಳಿಸುವುದಿಲ್ಲ.

ನಾನು ಯಾವತ್ತೂ ಬರೆಯುವ ಕ್ರಮ ನಿನಗೆ ಗೊತ್ತು: "ನೆರೆಹೊರೆಯಿಂದ, ಒಡನಾಟದಿಂದ, ಅವರ ಬಾಳುವೆಯನ್ನು ಬಲ್ಲದ್ದರಿಂದ ತಿಳಿದು ಸಾಕ್ಷಿ ನುಡಿಯುತ್ತೇವೆ." ಅಷ್ಟು ಬರೆದರೆ ಇಲ್ಲಿಯ ನ್ಯಾಯಾಧೀಶರಿಗೆ ಸಾಕು. ತುರಿಯಾ ಬಿಡಲಿಲ್ಲ. ನಿನ್ನ ಪತ್ರವನ್ನು ನಾನು ಅವಳಿಗೆ ತೋರಿಸಿದ್ದೇ ತಪ್ಪಾಯಿತು. ಒಬ್ಬೊಬ್ಬರನ್ನೂ ಕೂರಿಸಿಕೊಂಡು, "ನೀವು ಕಣ್ಣಾರೆ ಏನು ಕಂಡ್ರಿ?" ಎಂದು ಕೇಳಿದಳು.

"ಕಂಡಿದ್ದಾ? ಹೋತದ ಮಾಂಸ ಕಂಡೆ ತಾಯಿ. ಈಗ್ಲೂ ಕಣ್ಮುಂದೆ ಇದೆ."

"ಅದಲ್ಲ ಚಿಕ್ಕಪ್ಪ. ಮದುಮಗಳನ್ನ ಕಂಡ್ರಾ?"

"ಅವ್ಳು ಮುಸುಕಿನಲ್ಲಿ ಇದ್ಳು. ಮಾಂಸ ಮುಸುಕಿನಲ್ಲಿ ಇರ್ಲಿಲ್ಲ."

ಹೀಗೆ ಹನ್ನೊಂದು ಜನ. ಕುಸ್ಕುಸ್ ಸುಟ್ಟಿತ್ತು ಅಂತ ಒಬ್ಬ, ಸುಟ್ಟಿರಲಿಲ್ಲ ಅಂತ ಇನ್ನೊಬ್ಬ, ನಡುವೆ ಜಗಳ. ಕೊನೆಗೆ ಫಾತಿಹಾ ಓದಿದ್ದನ್ನು ಕೇಳಿದೆವು, ಅಂದಿನಿಂದ ಅವಳು ಆ ಮನೆಯ ಸೊಸೆಯಾಗಿ ಬಾಳಿದ್ದನ್ನು ಕಂಡೆವು ಎಂದು ಎಲ್ಲರೂ ನುಡಿದರು. ಹೊಸಿಲ ಆಚೆ, ಆ ಮದುವೆಯ ಅಡುಗೆ ಮಾಡಿದ ಹೆಂಗಸರು ಕೂತಿದ್ದರು. ಅವರಲ್ಲೊಬ್ಬಳು ಕೂಗಿದಳು: "ಉಂಡೋರ್ನ ಏನು ಕೇಳ್ತೀರಿ? ಮಾಡ್ದೋರ್ನ ಕೇಳಿ. ಯಾವ ಬಳೆ, ಯಾವ ಸೆರಗು, ಎಲ್ಲಾ ಹೇಳ್ತೀವಿ!" ಈ ಹನ್ನೆರಡರಲ್ಲಿ ಹೆಂಗಸರನ್ನು ಬರೆಯುವ ರೂಢಿ ನಮ್ಮಲ್ಲಿಲ್ಲ. ತುರಿಯಾ ನನ್ನ ಮುಖ ನೋಡಿದಳು. ನಾನು ಶಾಯಿಯ ಕುಡಿಕೆ ನೋಡಿದೆ.

ಹನ್ನೊಂದಕ್ಕೆ ನಿಂತಿದೆ. ಆ ಮದುವೆಗೆ ಬಂದ ಉಳಿದ ಗಂಡಸರೆಲ್ಲ ಈಗ ಹಳ್ಳಿಯ ಗೋರಿಗಳಲ್ಲಿದ್ದಾರೆ. ಪಕ್ಕದ ಕಚೇರಿಯ ಅದೂಲ್ ಸಿ ಬೂಷ್ತಾ, ಅದೇ, ನನ್ನ ಬಾಗಿಲ ನೆರಳಿಗೆ ತನ್ನ ಬೆಂಚು ಸರಿಸಿದವನು, ಕರೆಯದೆ ಬಂದು ಬುದ್ಧಿ ಹೇಳಿದ. "ಯಾಕ್ ಸಿ ತುಹಾಮಿ ಇಷ್ಟು ತಲೆ ಬಿಸಿ? ಚೌಕಕ್ಕೆ ಹೋಗಿ. ಒಂದ್ ಗ್ಲಾಸ್ ಚಹಾಕ್ಕೆ ಹನ್ನೆರಡನೆಯವ್ನು ಸಿಗ್ತಾನೆ." ಹಾಗೆ ಮಾಡುವವರಿದ್ದಾರೆ, ಸುಳ್ಳಲ್ಲ. ನಾನು ಬಾಯಿ ತೆರೆಯುವ ಮುಂಚೆ ಯಾಮ್ನಾ ಎದ್ದು ನಿಂತಳು. "ನನ್ ಮದ್ವೆಗೆ ಬರ್ದೇ ಇರೋನು ನನ್ ಮದ್ವೆಗೆ ಸಾಕ್ಷಿನಾ? ಹಂಗಾದ್ರೆ ಆ ಕಾಗ್ದ ಬೇರೆ ಯಾರದ್ದೋ ಮದ್ವೇದು. ನಂಗೆ ಬ್ಯಾಡ." ಅಂದವಳೇ ನನ್ನ ಕಡೆ ಒಂದು ಸಲ ನೋಡಿ ಲಾರಿ ಹತ್ತಿದಳು.

ಹಟಮಾರಿ. ಮದುವೆಯ ದಿನವೂ ಹೀಗೇ. ಹಳ್ಳ ದಾಟುವಾಗ ಹೇಸರಗತ್ತೆ ಕಾಲು ಜಾರಿ, ಮೇಲೆ ಹೊದಿಸಿದ್ದ ಕೆಂಪು ಕಂಬಳಿ ನೀರಿಗೆ ಬಿದ್ದರೂ ಇಳಿಯಲೊಪ್ಪಲಿಲ್ಲ. ಅಯ್ಯಾದ್ ನೀರಿಗಿಳಿದು ಕಂಬಳಿ ಹೊತ್ತು ತಂದ, ಅದು ಬಣ್ಣ ಬಿಟ್ಟು ಅವನ ಬಿಳಿ ನಿಲುವಂಗಿ, ಆ ಮದುವೆಯ ಜಲ್ಲಾಬ, ಮೊಣಕಾಲವರೆಗೂ ದಾಳಿಂಬೆಯ ಬಣ್ಣವಾಗಿತ್ತು. ಇಂಥವಳಿಗೆ ಯಾರು ಬುದ್ಧಿ ಹೇಳುವುದು?

ಚಳಿ ಶುರುವಾಗಿದೆ. ಉಣ್ಣೆಯದು ಹೊದ್ದುಕೋ.

ನಿನ್ನ ಅಪ್ಪ,
ತುಹಾಮಿ


ತಾಂಜಾ, ಅಕ್ಟೋಬರ್ 22

ಅಪ್ಪಾ,

ಮುಂಚೆಯೇ ಕೆಲಸ ಶುರುಮಾಡಲಿ ಎಂದು ತುರಿಯಾ ಹನ್ನೊಂದು ಹೇಳಿಕೆಗಳ ಪ್ರತಿ ಕಳಿಸಿದ್ದಳು. ಎಲ್ಲವನ್ನೂ ಅನುವಾದ ಮಾಡಿಟ್ಟೆ. ಹೋತವಿದೆ. ಕುಸ್ಕುಸ್ ಇದೆ, ಸುಟ್ಟದ್ದೂ ಸುಡದ್ದೂ. ಫಾತಿಹಾ ಇದೆ.

ಹೇಸರಗತ್ತೆ ಎಲ್ಲೂ ಇಲ್ಲ. ಕಂಬಳಿ ಇಲ್ಲ. ಜಲ್ಲಾಬ ಕೆಂಪಾದದ್ದು ಇಲ್ಲ.

ಅದನ್ನು ನೀವು ಎಲ್ಲಿಂದ ತಂದಿರಿ?

ಬತೂಲ್


ಶಾವೆನ್, ನವೆಂಬರ್ 2

ಮಗಳೇ,

ಆಲಿವ್ ಈ ಸಲ ಚೆನ್ನಾಗಿ ಬಂದಿದೆ. ಗಾಣಕ್ಕೆ ಹಾಕಿಸಿದ ಮೇಲೆ ಒಂದು ಡಬ್ಬಿ ಎಣ್ಣೆ ಕಳಿಸುತ್ತೇನೆ. ನಿನ್ನ ಕಿಟಕಿಯ ಬಾಗಿಲು ಬಿಗಿಯಾಗಿ ಹಾಕುವುದಿಲ್ಲ ಎಂದಿದ್ದೆಯಲ್ಲ, ಬಡಗಿಯನ್ನು ಕರೆಸಿದೆಯಾ? ತಾಂಜಾದ ಬಡಗಿಗಳು ಸೋಮಾರಿಗಳು, ಬೆನ್ನುಬಿಡಬೇಡ.

ಯಾಮ್ನಾಳ ವಿಷಯ ಹಾಗೇ ಇದೆ.

ತುಹಾಮಿ


ಶಾವೆನ್, ನವೆಂಬರ್ 9
(ಯಾಮ್ನಾ ಹೇಳಿದ್ದು, ತುರಿಯಾ ಬರೆದದ್ದು)

ಬತೂಲ್, ನನ್ ಕಂದಾ,

ಈ ತುರಿಯಾ ಹುಡ್ಗಿ ಕೈಲಿ ಬರೆಸ್ತಿದೀನಿ. ನಾನ್ ಹೇಳ್ದಂಗೇ ಬರಿಯೇ ತಾಯಿ, ಚಂದ ಮಾಡ್ಬೇಡ ಅಂದಿದೀನಿ. ನಿಮ್ಮಪ್ಪ ಊಟಕ್ಕೆ ಮನೆಗೆ ಹೋಗವ್ರೆ. ಅವ್ರು ಬರೋದ್ರೊಳ್ಗೆ ಮುಗಿಸ್ಬೇಕು.

ನೀನು ತುರಿಯಾಗೆ ಫೋನ್ ಮಾಡಿ ಕೇಳ್ದೆಯಂತೆ, ಹಳ್ಳದ ವಿಷಯ ಯಾಮ್ನಾ ಚಿಕ್ಕಮ್ಮ ಅಪ್ಪಂಗೆ ಹೇಳಿದ್ಳಾ ಅಂತ. ನಾನ್ಯಾಕ್ ಹೇಳ್ಳಿ? ಕಣ್ಣಾರೆ ಕಂಡೋರಿಗೇ ಕತೆ ಹೇಳೋದಾ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?

ನಿಮ್ಮಪ್ಪ ಅಲ್ಲೇ ಇದ್ರು ಕಣವ್ವ. ಮೀಸೆ ಇನ್ನೂ ಸರಿಯಾಗಿ ಬಂದಿರ್ಲಿಲ್ಲ. ನಮ್ಮೂರ ಮಸೀದೀಲಿ ಓದೋ ಹುಡುಗ್ರು ಇರ್ತಿದ್ರು, ಎಲ್ಲೆಲ್ಲಿಂದ್ಲೋ ಬಂದೋರು, ಕುರಾನ್ ಬಾಯಿಪಾಠ ಮಾಡೋರು. ಊರೋರು ಒಬ್ಬೊಬ್ರು ಒಂದೊಂದ್ ದಿನ ಬ್ರೆಡ್ಡು, ಬಿಸಾರದ ಕಾಳುಸಾರು ಕೊಡ್ತಿದ್ರು. ಮದ್ವೆ ಇದ್ರೆ ಅವ್ರಿಗೆ ಹಬ್ಬ. ಬಂದು ಓದೋರು, ತಿನ್ನೋರು. ನಿಮ್ಮಪ್ಪ ನನ್ ಮದ್ವೇಲಿ ಓದಿದ್ರು. ಧ್ವನಿ ಅಂದ್ರೆ ಧ್ವನಿ, ಮುಸುಕಿನೊಳ್ಗೆ ನಂಗೇ ಅಳು ಬಂದಿತ್ತು. ಆಮೇಲೆ ತಿಂದ್ರು ನೋಡು! ನಮ್ಮಮ್ಮ ಬಡಿಸ್ತಾನೇ ಇದ್ಳು, ಅವ್ರು ತಿಂತಾನೇ ಇದ್ರು. "ಪಾಪ, ಯಾರ್ ಹೆತ್ತ ಮಗನೋ, ಹಾಕೇ ಇನ್ನೊಂದ್ ಸೌಟು" ಅಂತ ನಮ್ಮಜ್ಜಿ ಅಂದಿದ್ದು ನಂಗೆ ನೆನಪಿದೆ.

ಈಗ ಅವ್ರು ಸಿ ತುಹಾಮಿ, ದೊಡ್ ಸಾಹೇಬ್ರು. ಶಾವೆನ್ನಲ್ಲಿ ಎಲ್ರೂ ಎದ್ದು ನಿಲ್ತಾರೆ. ನಾನು ಗಿಣ್ಣು ಮಾರೋಳು. ಇಷ್ಟ್ ವರ್ಷ ಗಿಣ್ಣು ತಗೊಂಡ್ರು, ಒಂದಿನಾನೂ ಆ ಮಾತು ಅವ್ರೂ ಎತ್ಲಿಲ್ಲ, ನಾನೂ ಎತ್ಲಿಲ್ಲ. ಉಂಡ ಮನೆ ಜಂತೆ ಎಣಿಸ್ಬಾರ್ದು ಅಂತಾರೆ. ಇವ್ರು ಉಂಡ ಮನೇನೇ ಮರ್ತಿದಾರೆ! ಮರ್ತಿಲ್ಲ, ಗೊತ್ತು. ಅದ್ಕೇ ನಾನ್ ಕೇಳಲ್ಲ. ಕೇಳಿ ಪಡ್ಕೊಂಡ್ರೆ ಅದು ಸಾಕ್ಷಿ ಅಲ್ಲ, ಭಿಕ್ಷೆ.

ಅಯ್ಯಾದ್ ದಿನಾ ಫೋನ್ ಮಾಡ್ತಾನೆ. ಮೊನ್ನೆ ಒಲೆ ಮೇಲೆ ಕೈ ಇಟ್ನಂತೆ, ಉರಿ ಕಾಣ್ಲಿಲ್ವಂತೆ. ಹೋಟೆಲ್ನಲ್ಲಿ ಜೀವ್ಮಾನ ಒಲೆ ಮುಂದೆ ನಿಂತೋನು! ನಕ್ಕೊಂಡ್ ಹೇಳ್ದ. ನಾನೂ ನಕ್ಕೆ. ಆಮೇಲೆ ಆಡಿನ ಕೊಟ್ಟಿಗೆಗೆ ಹೋಗಿ ಅತ್ತೆ.

ನೀನು ನಿಮ್ಮಪ್ಪಂಗೆ ಏನೂ ಹೇಳ್ಬೇಡ. ಸುಮ್ನೆ ಕೇಳ್ದಿ ಅಂತ ಹೇಳ್ದೆ.

ಬಾಗ್ಲು ಸದ್ದಾಯ್ತು. ಸಾಕು ಬರೆದಿದ್ದು ತಾಯಿ, ಮಡಿಚು.

ಯಾಮ್ನಾ


ತಾಂಜಾ, ನವೆಂಬರ್ 14

ಅಪ್ಪಾ,

ಬಡಗಿ ಬಂದಿದ್ದ. ಕಿಟಕಿ ಈಗ ಹಾಕುತ್ತದೆ, ತೆಗೆಯುವುದಿಲ್ಲ.

ಒಂದು ವಿಷಯ ನಿಮ್ಮನ್ನೇ ಕೇಳಬೇಕು, ನೀವಲ್ಲದೆ ಇನ್ಯಾರಿಗೆ ಗೊತ್ತು? ಒಬ್ಬ ಅದೂಲ್ ತಾನು ಬರೆಯುವ ದಸ್ತಾವೇಜಿನಲ್ಲಿ ತಾನೇ ಸಾಕ್ಷಿಯಾಗುವಂತಿಲ್ಲ, ಸರಿ. ಆದರೆ ಅವನು ಆ ದಿನದ ಮಟ್ಟಿಗೆ ಕುರ್ಚಿ ಬಿಟ್ಟು ಎದ್ದು, ಬೇರೆ ಇಬ್ಬರು ಅದೂಲರು ಕೂತು ಬರೆದರೆ? ಮೇಜಿನ ಈಚೆಯಿಂದ ಎದ್ದು ಆಚೆ ಹೋಗಿ ನಿಲ್ಲುವುದನ್ನು ಕಾನೂನು ತಡೆಯುತ್ತದೆಯೇ? ನನಗೆ ತಿಳಿದ ಮಟ್ಟಿಗೆ ತಡೆಯುವುದಿಲ್ಲ. ತಡೆಯುವುದು ಬೇರೆ ಏನೋ ಇರಬಹುದು.

ನೀವು ನನಗೆ ಚಿಕ್ಕಂದಿನಲ್ಲಿ ಊಟ ಬಿಟ್ಟೇಳಲು ಯಾವತ್ತೂ ಬಿಡುತ್ತಿರಲಿಲ್ಲ. ತಟ್ಟೆಯಲ್ಲಿ ಒಂದಗುಳು ಉಳಿದರೂ ಮುಖ ಕೆಂಪಾಗುತ್ತಿತ್ತು. ಅಮ್ಮ ಇದ್ದಾಗ, "ಬಿಡ್ರೀ, ಮಗು" ಅಂದರೂ ಕೇಳುತ್ತಿರಲಿಲ್ಲ. ಯಾಕೋ ಈ ವಾರ ಅದು ನೆನಪಿಗೆ ಬರುತ್ತಿದೆ. ನನಗೆ ನಿಮ್ಮ ಮೇಲೆ ತುಂಬ ಪ್ರೀತಿ ಬರುತ್ತಿದೆ ಅಪ್ಪಾ. ಕಾರಣ ಕೇಳಬೇಡಿ.

ಅಯ್ಯಾದ್ ಚಿಕ್ಕಪ್ಪ ಕೈ ಸುಟ್ಟುಕೊಂಡರಂತೆ.

ಬತೂಲ್


ಶಾವೆನ್, ಡಿಸೆಂಬರ್ 1

ಮಗಳೇ,

ನಿನ್ನ ಪತ್ರ ಬಂದ ದಿನ ಕಚೇರಿಯ ಬಾಗಿಲು ಬೇಗ ಹಾಕಿ ಮನೆಗೆ ಹೋದೆ. ಮರುದಿನ ತುರಿಯಾಳನ್ನು ಬೈದೆ. ಅದರ ಮರುದಿನ ಎದ್ದು ಸಿ ಬೂಷ್ತಾನ ಕಚೇರಿಗೆ ಹೋದೆ. ನಾನು ಅವನ ಹೊಸಿಲು ತುಳಿದದ್ದು ಅದೇ ಮೊದಲು. ಅವನು ಎಷ್ಟು ಬೆಚ್ಚಿದನೆಂದರೆ, ನನ್ನ ನೆರಳಲ್ಲಿದ್ದ ಬೆಂಚು ತನ್ನಷ್ಟಕ್ಕೆ ತಾನೇ ಅವನ ಗೋಡೆಗೆ ಸರಿಯಿತು. "ಯಾಮ್ನಾಳ ದಸ್ತಾವೇಜನ್ನು ನೀವೂ ತುರಿಯಾನೂ ಬರೀಬೇಕು," ಅಂದೆ. "ಯಾಕೆ, ನೀವು?" ಅಂದ. "ನಾನು ಹನ್ನೆರಡನೆಯವನು."

ಕಳೆದ ಸಂತೆಗೆ ಹನ್ನೊಂದು ಜನ ಮತ್ತೆ ಆಡುಗಳ ಜೊತೆ ಇಳಿದರು. ನನ್ನ ಕುರ್ಚಿಯಲ್ಲಿ ಬೂಷ್ತಾ ಕೂತಿದ್ದ. ನಾನು ಸಾಲಿನ ಕೊನೆಯಲ್ಲಿ ಕಿವಿ ಕೇಳಿಸದವರ ಪಕ್ಕ ನಿಂತೆ. ಆ ಕೋಣೆಯನ್ನು ಆ ಕಡೆಯಿಂದ ನಾನು ಯಾವತ್ತೂ ನೋಡಿರಲಿಲ್ಲ. ಬೆಳಕು ನೇರ ಮುಖಕ್ಕೆ ಹೊಡೆಯುತ್ತದೆ. ಜನ ನನ್ನೆದುರು ಕಣ್ಣು ಕಿರಿದು ಮಾಡುತ್ತಿದ್ದದ್ದು ಸುಳ್ಳು ಹೇಳಲಿಕ್ಕಲ್ಲ ಎಂದು ಈಗ ಗೊತ್ತಾಯಿತು. ಪರದೆ ಹಾಕಿಸಬೇಕು.

ನನ್ನ ಸರದಿ ಬಂತು.

"ಸಾಕ್ಷಿಯ ಹೆಸ್ರು?" ತುರಿಯಾ ಕೇಳಿದಳು.

"ನಿಂಗೆ ಗೊತ್ತಿಲ್ವಾ?"

"ಗೊತ್ತಿದೆ ಸಿ ತುಹಾಮಿ. ಆದ್ರೂ ನೀವು ಹೇಳ್ಬೇಕು."

ಹೇಳಿದೆ. ತಂದೆಯ ಹೆಸರು ಹೇಳಿದೆ. ಉದ್ಯೋಗ ಹೇಳಿದೆ. "ಆಗ ಏನ್ ಮಾಡ್ತಿದ್ರಿ?" ಅಂದಳು. ಮಸೀದಿಯಲ್ಲಿ ಓದುತ್ತಿದ್ದೆ ಅಂದೆ. ಏನು ಕಂಡೆ ಎಂದು ಕೇಳಿದಳು. ಹೇಸರಗತ್ತೆ, ಹಳ್ಳ, ಕಂಬಳಿ, ಜಲ್ಲಾಬ, ಎಲ್ಲ ಹೇಳಿದೆ. ಫಾತಿಹಾ ಕೇಳಿದಿರಾ ಅಂದಳು. "ಕೇಳಿದ್ದಲ್ಲ, ಓದಿದವ್ರಲ್ಲಿ ನಾನೂ ಒಬ್ಬ," ಅಂದೆ. ಬೂಷ್ತಾ ತಲೆಯೆತ್ತಿದ.

ಅಷ್ಟಕ್ಕೆ ಮುಗಿಯುತ್ತದೆ ಅಂದುಕೊಂಡೆ. ಆ ಹುಡುಗಿ ಲೇಖನಿ ಎತ್ತಿ ಹಿಡಿದು ಇನ್ನೊಂದು ಕೇಳಿದಳು. "ಹುಡುಗಿ ಕಡೆಯೋರಲ್ಲ, ಹುಡುಗನ ಕಡೆಯೋರಲ್ಲ, ಆ ಊರೋರೂ ಅಲ್ಲ. ಮದುವೆಗೆ ಯಾಕೆ ಹೋಗಿದ್ರಿ?"

ಕೇಳಬೇಕಾದದ್ದೇ. ನಾನಾಗಿದ್ದರೂ ಕೇಳುತ್ತಿದ್ದೆ. ಹನ್ನೊಂದು ಜನ, ಹೊಸಿಲಲ್ಲಿ ಹೆಂಗಸರು, ನನ್ನ ಕುರ್ಚಿಯಲ್ಲಿ ಬೂಷ್ತಾ, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಮ್ಮದು ವಿದ್ವಾಂಸರ ಮನೆತನ ಎಂದು ಈ ಊರು ತಿಳಿದಿದೆ. ನಾನು ಹಾಗೆಂದು ಹೇಳಿದ್ದಿಲ್ಲ, ಅಲ್ಲ ಎಂದೂ ಹೇಳಿದ್ದಿಲ್ಲ.

"ಹಸಿದಿದ್ದೆ," ಅಂದೆ. "ಊಟಕ್ಕೆ ಹೋಗಿದ್ದೆ. ಅವ್ರು ಹೊಟ್ಟೆ ತುಂಬ ಹಾಕಿದ್ರು."

ಯಾರೂ ನಗಲಿಲ್ಲ. ಹೊಸಿಲಿನಿಂದ ಯಾಮ್ನಾಳ ಧ್ವನಿ ಬಂತು: "ಕುಸ್ಕುಸ್ ಸುಟ್ಟಿತ್ತಾ, ಅದನ್ನೂ ಹೇಳ್ಬಿಡಿ ಸಿ ತುಹಾಮಿ, ಇವತ್ತೇ ತೀರ್ಮಾನ ಆಗ್ಲಿ." "ಸುಟ್ಟಿರ್ಲಿಲ್ಲ," ಅಂದೆ. ಹನ್ನೊಂದರಲ್ಲಿ ಅರ್ಧ ಜನ ನನ್ನ ಮೇಲೆ ಮುಗಿಬಿದ್ದರು. ಆಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಇಷ್ಟು ಹಗುರಾಗಿ ನಾನು ನಕ್ಕು ಯಾವ ಕಾಲವಾಗಿತ್ತೋ!

ಜನ ಹೋದ ಮೇಲೆ ಬೂಷ್ತಾ ಶಾಯಿ ಒರೆಸುತ್ತಾ, ನನ್ನ ಕಡೆ ನೋಡದೆ ಅಂದ: "ನಾನೂ ಹಂಗೇ ಹೋಗ್ತಿದ್ದೆ. ಬೇರೆ ಗುಡ್ಡದಲ್ಲಿ." ಅವತ್ತು ಚಹಾ ಅವನ ಕಚೇರಿಯಲ್ಲೇ ಕುಡಿದೆ. ಸಕ್ಕರೆ ಜಾಸ್ತಿ ಹಾಕುತ್ತಾನೆ.

ತುರಿಯಾ ಬರೆದದ್ದನ್ನು ಸಹಿ ಹಾಕುವ ಮುಂಚೆ ಓದಿದೆ. ತಿದ್ದಲು ಒಂದಕ್ಷರ ಸಿಗುತ್ತದೋ ಎಂದು ಹುಡುಕಿದೆ. ಸಿಗಲಿಲ್ಲ. ಆ ಕುರ್ಚಿ ಅವಳಿಗೆ ಸರಿಯಾಗಿದೆ. ಇದನ್ನು ನಿನಗೆ ಬರೆಯಲು ಬೇರೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ನ್ಯಾಯಾಧೀಶರ ಮುದ್ರೆ ಬಿದ್ದಿದೆ. ದಸ್ತಾವೇಜು ಈ ಬುಟ್ಟಿಯಲ್ಲಿದೆ, ಜೊತೆಗೆ ಎಣ್ಣೆ. ಎರಡನ್ನೂ ನೆಟ್ಟಗೆ ಹಿಡಿ ಎಂದು ಸೆಲ್ಲಾಂಗೆ ಹೇಳಿದ್ದೇನೆ.

ನಿನ್ನ ಅಪ್ಪ,
ತುಹಾಮಿ


ತಾಂಜಾ, ಡಿಸೆಂಬರ್ 9

ಅಪ್ಪಾ,

ಎಣ್ಣೆ ಚೆಲ್ಲಿಲ್ಲ. ದಸ್ತಾವೇಜಿನ ಒಂದು ಮೂಲೆಗೆ ಮಾತ್ರ ತಾಗಿದೆ. ಒರೆಸಿದೆ, ಘಮ ಹೋಗಿಲ್ಲ. ಲಂಡನ್ನಿನವರಿಗೂ ಸ್ವಲ್ಪ ಶಾವೆನ್ ಹೋಗಲಿ.

ಹನ್ನೆರಡನೆಯ ಹೇಳಿಕೆಗೆ ಬಂದಾಗ ಬಾಗಿಲು ಹಾಕಿಕೊಂಡೆ. ನನ್ನ ಜೊತೆ ಕೆಲಸ ಮಾಡುವವಳು ಇಣುಕಿ ನೋಡಿ, "ಊಟಕ್ಕೆ ಹೋಗಿದ್ದೆ ಅಂತ ಯಾಕೆ ಬರೀತೀಯಾ, ಅತಿಥಿಯಾಗಿ ಹೋಗಿದ್ದೆ ಅಂತ ಹಾಕು, ಇಂಗ್ಲಿಷಿನಲ್ಲಿ ಮರ್ಯಾದೆಯಾಗಿರುತ್ತೆ" ಅಂದಳು. ಹಾಕಲಿಲ್ಲ. ನೀವು ಹಸಿವು ಅಂದಿರಿ, ನಾನೂ ಹಸಿವು ಎಂದೇ ಬರೆದೆ. ಅದರ ಕೆಳಗೆ, ಇದು ಇದ್ದದ್ದು ಇದ್ದಂತೆ ಎಂದು ಸರ್ಟಿಫೈ ಮಾಡಿ ನನ್ನ ಹೆಸರು ಹಾಕಿದೆ. ಬತೂಲ್, ತುಹಾಮಿಯ ಮಗಳು. ಈ ಸಲ ಹಾಕುವ ಮುಂಚೆ ಎರಡನೆಯ ಸಲ ಓದಲಿಲ್ಲ.

ಕುರ್ಚಿಯ ಬಗ್ಗೆ ಬರೆದ ಸಾಲನ್ನು ಓದಿದೆ. ಮತ್ತೆ ಓದಿದೆ. ನನಗೆ ನನ್ನ ಈ ಕುರ್ಚಿಯೇ ಇಷ್ಟ ಅಪ್ಪಾ, ಸಮುದ್ರ ಕಾಣುತ್ತದೆ. ಆದರೂ ಆ ಸಾಲು ಬೇಕಾಗಿತ್ತು.

ನಿಮ್ಮ
ಬತೂಲ್


ಲಂಡನ್, ಮಾರ್ಚ್ 18
(ಯಾಮ್ನಾ ಹೇಳಿದ್ದು, ಪಕ್ಕದ ಮನೆ ತೆತ್ವಾನಿನ ಹುಡುಗಿ ಬರೆದದ್ದು)

ಸಿ ತುಹಾಮಿ ಅವ್ರಿಗೆ,

ನಾನು ಬಂದು ಮುಟ್ದೆ. ಇಲ್ಲಿ ಸೂರ್ಯ ಇದಾನೆ ಅಂತ ಹೇಳ್ತಾರೆ, ನಾನಿನ್ನೂ ನೋಡಿಲ್ಲ. ಬತೂಲ್ ತಾಂಜಾದಲ್ಲಿ ವಿಮಾನದವರೆಗೂ ಬಂದು ಹತ್ತಿಸಿದ್ಳು. ಬಂಗಾರದಂಥ ಹುಡ್ಗಿ. ತಟ್ಟೇಲಿ ಒಂದಗುಳು ಬಿಡಲ್ಲ.

ಇಲ್ಲಿ ವಿಮಾನ ಇಳ್ದಾಗ ಆದದ್ದು ಕೇಳಿ. ಗಾಜಿನ ಗೂಡಲ್ಲಿ ಒಬ್ಳು ಹೆಂಗ್ಸು ಕೂತಿದ್ಳು. ನಿಮ್ಮ ಕಾಗ್ದ ಕೊಟ್ಟೆ. ವೀಸಾ ಸರಿಯಾಗಿದೆ ಅಂತ ಅವ್ಳೇ ತಲೆ ಆಡಿಸಿದ್ಳು, ಆದ್ರೂ ಕಾಗ್ದ ಮುಂದೆ ತಿರುಗಿಸಿ ಹಿಂದೆ ತಿರುಗಿಸಿ ನೋಡಿದ್ಳು. ಮೂಸಿನೂ ನೋಡಿದ್ಳು! ಅರಬ್ಬಿ ಬರೋ ಒಬ್ಬನ್ನ ಕರೆಸಿದ್ಳು. ಗಂಡ ಯಾಕೆ ಬಂದಿಲ್ಲ ಅಂದ್ಳು. ಹೊರಗಡೆ ಕಾಯ್ತವ್ನೆ ಅಂದೆ. ಫೋನ್ ಮಾಡಿ ಕನ್‌ಫರ್ಮ್ ಮಾಡ್ಕೊಳ್ಳೋಣ ಅಂದ್ಳಂತೆ. ಆ ಮಾತು ನಂಗೆ ಬತೂಲ್ ಹೇಳ್ಕೊಟ್ಟಿದ್ಳು, ಅದು ಅಯ್ಯಾದ್ ಕೆಲ್ಸ ಅಂತ. ಇಷ್ಟ್ ದೂರ ಬಂದು ಇವ್ನು ಏನಾದ್ರೂ ತಪ್ಪು ಹೇಳಿದ್ರೆ!

ಫೋನು ಗಟ್ಟಿಯಾಗಿ ಎಲ್ರಿಗೂ ಕೇಳೋ ಹಂಗೆ ಇಟ್ರು. ಅರಬ್ಬಿಯವ್ನು, "ನಿಮ್ಮ ಹೆಂಡ್ತಿ ಯಾಮ್ನಾ ಇಲ್ಲಿದ್ದಾರೆ" ಅಂದ. ಅಷ್ಟೇ. ಇವ್ನು ಹೌದು ಅನ್ಲಿಲ್ಲ, ಅಲ್ಲ ಅನ್ಲಿಲ್ಲ. "ಯಾಮ್ನಾ! ಎಷ್ಟೊತ್ತೇ ನಿಂದು? ಕಾಲು ಬಿದ್ದೋಯ್ತು ನಿಂತು ನಿಂತು. ಆಲಿವ್ ತಂದ್ಯಾ? ಒಡೆದಿದ್ದು ತಂದ್ಯಾ ಇಡೀದು ತಂದ್ಯಾ?" ಅಂತ ಕಿರುಚ್ದ. ನಂಗೆ ರೇಗೋಯ್ತು. "ಹೆಂಡ್ತಿ ಬಂದವ್ಳೆ, ಆಲಿವ್ ಕೇಳ್ತೀಯಲ್ಲೋ ಮುದ್ಕ! ಮದ್ವೆ ದಿನಾನೂ ಹಿಂಗೇ, ನಾನ್ ಹಳ್ಳದಲ್ಲಿ ಬೀಳ್ತಿದ್ರೆ ನೀನು ಕಂಬಳಿ ಹಿಂದೆ ಓಡ್ದೆ!" ಅಂದೆ. "ಕಂಬಳಿ ನಮ್ಮಮ್ಮಂದು, ನೀನು ಹೇಸರಗತ್ತೆ ಮೇಲೆ ಗಟ್ಟಿಯಾಗಿ ಕೂತಿದ್ಯಲ್ಲ!" ಅಂದ. "ಆ ಜಲ್ಲಾಬ ಒಗೆದೂ ಒಗೆದೂ ನನ್ ಕೈ ಸವೀತು!" ಅಂದೆ. ಎಷ್ಟೊತ್ತು ಆಯ್ತೋ ಗೊತ್ತಿಲ್ಲ. ಅರಬ್ಬಿಯವ್ನು ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳ್ತಾ ಹೇಳ್ತಾ ನಗೋಕೆ ಶುರು ಮಾಡ್ದ. ಆ ಹೆಂಗ್ಸು ಕೈ ಎತ್ತಿ ಸಾಕು ಸಾಕು ಅಂದ್ಳು. ನನ್ನ ನೋಡಿ ಏನೋ ಅಂದ್ಳು. "ಏನಂತೆ?" ಅಂದೆ. "ಇನ್ನು ಯಾವ ಕಾಗ್ದಾನೂ ನೋಡೋದು ಬೇಡ, ಹೋಗಮ್ಮ ಅಂತಿದ್ದಾರೆ," ಅಂದ. ಟಪ್ ಅಂತ ಮುದ್ರೆ ಒತ್ತಿದ್ಳು.

ಹೊರಗೆ ಅಯ್ಯಾದ್ ಬೇರೆ ಕಡೆ ಮುಖ ಮಾಡ್ಕೊಂಡು ನಿಂತಿದ್ದ. ನಾನು ಹತ್ರ ಹೋಗಿ ಏನೂ ಮಾತಾಡ್ಲಿಲ್ಲ, ನೋಡೋಣ ಅಂತ. ಕೈ ಚಾಚಿ ನನ್ ಮುಖ ಮುಟ್ದ. ಹಣೆ, ಮೂಗು, ಗಲ್ಲ, ಎಲ್ಲಾ ನಿಧಾನಕ್ಕೆ. ಆಮೇಲೆ ಅಂದ: "ಹೂಂ, ನೀನೇ."

ಒಲೆ ಈಗ ನನ್ ಕೈಲಿದೆ. ನೀವು ಒಂದ್ಸಲ ಬನ್ನಿ ಸಿ ತುಹಾಮಿ. ಎಷ್ಟ್ ಸಲ ಬೇಕಾದ್ರೂ ಹಾಕ್ತೀನಿ. ಕುಸ್ಕುಸ್ ಸುಡಲ್ಲ.

ಅಯ್ಯಾದನ ಹೆಂಡ್ತಿ,
ಯಾಮ್ನಾ